ಕೊರಲೆ ಅಕ್ಕಿ ಶುರು ಮಾಡಿದರೆ ಮುದ್ದೆ ಬಿಡಬೇಕಾ?

ಕ್ಯಾತ್ಸಂದ್ರದವಳು:

ಎಲ್ಲರಿಗೂ ನಮಸ್ಕಾರ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಯಾರಾದರೂ ಮನೆಯಲ್ಲಿ ಕೊರಲೆ ಅನ್ನೋ ಸಿರಿಧಾನ್ಯ ದಿನಾ ಬಳಸುತ್ತಿದ್ದರೆ ಸ್ವಲ್ಪ ಹೇಳಿ. ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ನಡೆಯುತ್ತಿದೆ. ಬೆಳಿಗ್ಗೆ ಇಡ್ಲಿನೋ ಚಿತ್ರಾನ್ನನೋ, ಮಧ್ಯಾಹ್ನ ಮುದ್ದೆ ಮತ್ತೆ ಅದರ ಮೇಲೆ ಅನ್ನ, ರಾತ್ರಿ ಮತ್ತೆ ಅನ್ನ. ಪರಿಚಯದವರೊಬ್ಬರು ಬಂದು "ಅಕ್ಕಿ, ರಾಗಿ, ಗೋಧಿ ಮೂರೂ ಬಿಟ್ಟು ಮೂರು ಹೊತ್ತೂ ಕೊರಲೆ ತಿನ್ನಿ, ಮಾತ್ರೆಯೇ ಬೇಡವಾಗುತ್ತೆ" ಅಂತ ಹೇಳಿ ಹೋದರು. ಅವತ್ತಿಂದ ಅಮ್ಮ ಮುದ್ದೆ ಮುಟ್ಟುತ್ತಿಲ್ಲ. ಮುದ್ದೆ ಇಲ್ಲದೆ ಊಟ ಮಾಡಿದ ಹಾಗೇ ಆಗಲ್ಲ ಅಂತ ಗೊಣಗುತ್ತಾರೆ, ಆದರೂ ಹಟ.

ಅಂಗಡಿಯಲ್ಲಿ ತಂದ ಪೊಟ್ಟಣದ ಮೇಲೆ ನಾರಿನಂಶ 12.5 ಗ್ರಾಂ ಅಂತ ಇದೆ. ಅದರ ಕೆಳಗೆ ಥೈರಾಯ್ಡ್, ಬಿಪಿ, ಮಂಡಿ ನೋವು, ಮಲಬದ್ಧತೆ, ಎಲ್ಲದಕ್ಕೂ ಒಳ್ಳೇದು ಅಂತ ಬರೆದಿದ್ದಾರೆ. ಇಷ್ಟೊಂದು ಕಾಯಿಲೆಗೆ ಒಂದೇ ಕಾಳು ಅಂದರೆ ನನಗೆ ಅನುಮಾನ. ಬೆಲೆಯೂ ಅಕ್ಕಿಗಿಂತ ಎರಡು ಮೂರು ಪಟ್ಟು. ನಿಜವಾಗಲೂ ಇದರಲ್ಲಿ ಏನಿದೆ, ಯಾರಿಗೆ ಎಷ್ಟು ಸರಿ, ಮುದ್ದೆ ಬಿಡಲೇಬೇಕಾ? ಮನೆಯಲ್ಲಿ ನಾಲ್ಕು ವರ್ಷದ ಮಗುವೂ ಇದೆ, ಅವಳಿಗೂ ಕೊಡಬಹುದಾ?

ಊಟದ ಲೆಕ್ಕ:

ಪಥ್ಯದ ಊಟದ ಬಗ್ಗೆ ಸಲಹೆ ಕೊಡುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಮೊದಲು ಅಮ್ಮನಿಗೆ ಮುದ್ದೆ ಕೊಡಿ. ಕೊರಲೆ ಕೂರಬೇಕಾದ್ದು ಬಿಳಿ ಅಕ್ಕಿಯ ಜಾಗದಲ್ಲಿ. ರಾಗಿಯನ್ನು ಎಬ್ಬಿಸಿ ಕೂರಿಸುವುದು ಬೇಡ.

ಯಾಕೆ ಅಂದರೆ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಕೊಟ್ಟ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ದೊಡ್ಡವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಬೇಕು. ಮುಟ್ಟು ನಿಂತ ಹೆಂಗಸರಿಗೆ ಇನ್ನೂ ಜಾಸ್ತಿ. ಹಾಲು ಅಷ್ಟಾಗಿ ಕುಡಿಯದ ಮನೆಯಲ್ಲಿ ಆ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು ಹೇಳಿ? ಮುದ್ದೆಯಿಂದಲೇ. ಕೊರಲೆ ಈ ವಿಷಯದಲ್ಲಿ ರಾಗಿಯ ಹತ್ತಿರಕ್ಕೂ ಬರುವುದಿಲ್ಲ. ಮಂಡಿ ನೋವಿಗೆ ಒಳ್ಳೇದು ಅಂತ ಪೊಟ್ಟಣದ ಮೇಲೆ ಬರೆದು ಮುದ್ದೆ ಬಿಡಿಸಿದರೆ ಅದು ತಮಾಷೆಯೇ ಸರಿ.

ಇನ್ನು ನಾರು. ಬಿಳಿ ಅಕ್ಕಿಯಲ್ಲಿ 100 ಗ್ರಾಂಗೆ 2.8 ಗ್ರಾಂ ಆಸುಪಾಸು, ರಾಗಿಯಲ್ಲಿ ಸುಮಾರು 11 ಗ್ರಾಂ. ಕೊರಲೆಗೆ ಎಲ್ಲರೂ ಹೇಳುವ ಲೆಕ್ಕ 12.5 ಗ್ರಾಂ. ಪ್ರೋಟೀನು ಸುಮಾರು 11 ಗ್ರಾಂ ಅಂತ ಹೇಳುತ್ತಾರೆ, ಅಕ್ಕಿಯಲ್ಲಿ 8ರ ಹತ್ತಿರ. ಅಂದರೆ ಅಕ್ಕಿಯ ಪಕ್ಕ ಇಟ್ಟರೆ ಕೊರಲೆ ಎಲ್ಲೋ ಮೇಲೆ, ರಾಗಿಯ ಪಕ್ಕ ಇಟ್ಟರೆ ನಾರಿನಲ್ಲಿ ಹೆಚ್ಚು ಕಡಿಮೆ ಸಮ. ಆದರೆ ಆ 12.5 ಪಾಲಿಶ್ ಆಗದ ಕಾಳಿನ ಮಾತು. ಮಿಲ್ಲಿನಲ್ಲಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ್ದಕ್ಕೆ ಅದೇ ಅಂಕಿ ಅಚ್ಚು ಹಾಕಿ ಮಾರಿದರೆ ನೀವು ದುಡ್ಡು ಕೊಟ್ಟು ತಂದಿದ್ದು ದುಬಾರಿ ಬಿಳಿ ಅನ್ನ, ಅಷ್ಟೇ.

ಸಕ್ಕರೆ ಕಾಯಿಲೆಯವರು ಮರೆಯುವ ಇನ್ನೊಂದು ವಿಷಯ ಇದೆ. ಕೊರಲೆಯಲ್ಲೂ 100 ಗ್ರಾಂಗೆ ಹತ್ತಿರ ಹತ್ತಿರ 69 ಗ್ರಾಂ ಶರ್ಕರಪಿಷ್ಟ ಇದೆ. ಅಕ್ಕಿಯಲ್ಲಿ 78. ವ್ಯತ್ಯಾಸ ಭಾರೀ ಏನಲ್ಲ. ಆದರೆ ಕೊರಲೆಯದ್ದು ನಿಧಾನಕ್ಕೆ ಅರಗುತ್ತದೆ, ಹಾಗಾಗಿ ರಕ್ತದಲ್ಲಿ ಸಕ್ಕರೆ ಒಂದೇ ಸಲ ನುಗ್ಗುವುದಿಲ್ಲ, ಬೇಗ ಹೊಟ್ಟೆ ತುಂಬಿದ ಹಾಗೂ ಆಗುತ್ತದೆ. ಲಾಭ ಇರುವುದೇ ಅಲ್ಲಿ. "ಸಿರಿಧಾನ್ಯ ತಾನೇ, ಇನ್ನೊಂದು ಸೌಟು ಹಾಕು" ಅಂದರೆ ಆ ಲಾಭ ತಟ್ಟೆಯಲ್ಲೇ ಕರಗಿಹೋಗುತ್ತದೆ.

ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ, ದಯವಿಟ್ಟು. ಅನ್ನ ಕಡಿಮೆ ಮಾಡಿ ಕೊರಲೆಗೆ ಬದಲಾದಾಗ ಕೆಲವರಿಗೆ ಸಕ್ಕರೆ ಇಳಿಯುತ್ತದೆ. ಹಳೇ ಮಾತ್ರೆ ಹಾಗೇ ನಡೆಯುತ್ತಿದ್ದರೆ ಜಾಸ್ತಿಯೇ ಇಳಿದು ಬೆವರು, ನಡುಕ ಬರಬಹುದು. ಅದಕ್ಕೆ ಡಾಕ್ಟರಿಗೆ ಮೊದಲೇ ಹೇಳಿ, ಊಟವಾಗಿ ಎರಡು ಗಂಟೆಗೆ ಮನೆಯಲ್ಲೇ ಚುಚ್ಚಿ ನೋಡಿ ಬರೆದಿಡಿ. ಮಾತ್ರೆ ಕಡಿಮೆ ಮಾಡುವುದಿದ್ದರೆ ಆ ಚೀಟಿ ನೋಡಿ ಅವರೇ ಮಾಡುತ್ತಾರೆ.

ಮಧುಗಿರಿ ಹೊಲದವನು:

ಮೇಡಂ ಹೇಳಿದ ಪಾಲಿಶ್ ವಿಷಯಕ್ಕೆ ನಾನು ಸೇರಿಸುತ್ತೇನೆ. ನಮ್ಮ ಕಡೆ ಕೊರಲೆ ಹೊಸದಲ್ಲ. ಮಧುಗಿರಿ, ಶಿರಾ, ಪಾವಗಡ, ಆ ಕಡೆ ಚಿತ್ರದುರ್ಗ, ಈ ಕಡೆ ಚಿಕ್ಕಬಳ್ಳಾಪುರ, ಗಡಿ ದಾಟಿದರೆ ಅನಂತಪುರ, ಹೆಚ್ಚಾಗಿ ಇದರ ಸೀಮೆ ಇದೇ. ಬೇರೆ ಕಡೆಯವರಿಗೆ ಹೆಸರೇ ಗೊತ್ತಿರಲಿಲ್ಲ. ಮೈಸೂರಿನ ಖಾದರ್ ವಲಿ ಅವರು, 2023ರಲ್ಲಿ ಪದ್ಮಶ್ರೀ ಬಂತಲ್ಲ, ಅವರು ಊರೂರಲ್ಲಿ ನವಣೆ, ಸಾಮೆ, ಹಾರಕ, ಊದಲು, ಕೊರಲೆ ಅಂತ ಐದು ಧಾನ್ಯದ ಮಾತಾಡಿದ ಮೇಲೆ ಪೇಟೆಯವರೂ ಕೇಳೋಕೆ ಶುರು ಮಾಡಿದರು. ಅದಕ್ಕೆ ಮುಂಚೆ ನಮ್ಮಲ್ಲೇ ಎಷ್ಟೋ ಜನ ಬಿಟ್ಟುಬಿಟ್ಟಿದ್ದರು. ಶೇಂಗಾ ಬಂತು, ರೇಷನ್ ಅಕ್ಕಿ ಬಂತು, ಮನೆಯಲ್ಲಿ ಒರಳಿಗೆ ಹಾಕಿ ಕುಟ್ಟೋ ಹೆಂಗಸರಿಗೂ ಸಾಕಾಗಿತ್ತು.

ಕುಟ್ಟೋದೇ ಇದರ ದೊಡ್ಡ ತಲೆನೋವು. ರಾಗಿಗೆ ಸಿಪ್ಪೆ ಸುಲಿಯೋ ಕೆಲಸವೇ ಇಲ್ಲ, ಹಾಗೇ ಮಿಲ್ಲಿಗೆ ಹಾಕಿದರೆ ಹಿಟ್ಟು. ಪೂರಾ ಕಾಳು ಹೊಟ್ಟೆಗೆ ಹೋಗುತ್ತದೆ. ಕೊರಲೆಗೆ ಹೊರಗಡೆ ಒಂದು ಗಟ್ಟಿ ಹೊಟ್ಟು, ಅದನ್ನು ತಿನ್ನೋಕೆ ಆಗಲ್ಲ, ತೆಗೆಯಲೇಬೇಕು. ಅದರ ಒಳಗೆ ಕಾಳಿಗೆ ಅಂಟಿಕೊಂಡು ತೆಳ್ಳಗೆ ತೌಡಿನ ಪದರ. ನಾರು, ಕಬ್ಬಿಣ, ಒಳ್ಳೇ ಎಣ್ಣೆ ಅಂಶ ಎಲ್ಲಾ ಹೆಚ್ಚಾಗಿ ಅದರಲ್ಲೇ. ಹೊಟ್ಟನ್ನು ಬಡಿದು ಬಿಡಿಸೋ ಮಿಷಿನ್ ಬೇರೆ, ಕಲ್ಲಿಗೆ ಉಜ್ಜಿ ಕೆರೆಯೋ ಮಿಷಿನ್ ಬೇರೆ. ಉಜ್ಜೋದರಲ್ಲಿ ಹೊಟ್ಟಿನ ಜೊತೆ ತೌಡೂ ಹೋಗುತ್ತದೆ. ಕೆಲವರು ಬೇಕಂತಲೇ ಇನ್ನೊಂದು ಸುತ್ತು ಬಿಡಿಸುತ್ತಾರೆ. ಬೆಳ್ಳಗಿದ್ದರೆ ಗಿರಾಕಿ ಬೇಗ ಕೊಳ್ಳುತ್ತಾನೆ, ಮೂಟೆಯಲ್ಲಿ ಜಾಸ್ತಿ ದಿನ ಕೆಡಲ್ಲ, ಅದಕ್ಕೆ.

ಕೊಳ್ಳುವಾಗ ಅಂಗೈಯಲ್ಲಿ ಹಾಕಿ ಬಿಸಿಲಿಗೆ ಹಿಡಿದು ನೋಡಿ. ಪಾಲಿಶ್ ಆಗದ ಕೊರಲೆ ತಿಳಿ ಕಂದು, ಸ್ವಲ್ಪ ಹಸಿರು ಛಾಯೆ ಇರುತ್ತದೆ, ಕಾಳು ಕಾಳಿಗೂ ಬಣ್ಣ ಒಂದೇ ಥರ ಇರಲ್ಲ. ಅಲ್ಲೊಂದು ಇಲ್ಲೊಂದು ಹೊಟ್ಟು ಬಿಡದ ಕಾಳೂ ಸಿಗುತ್ತೆ. ಅದನ್ನು ನೋಡಿ ಬೈಬೇಡಿ, ಅದು ಒಳ್ಳೇ ಗುರುತು. ಪೂರ್ತಿ ಬಿಳಿ, ತೊಳೆದರೆ ಹಾಲಿನಂಥ ನೀರು ಬಂದರೆ ಬಿಟ್ಟು ಬನ್ನಿ.

ಇನ್ನು ಬೆಳೆ ಹೇಗಪ್ಪಾ ಅಂದರೆ, ಮುಂಗಾರಲ್ಲಿ ಎರಚಿದರೆ ಎರಡೂವರೆ ಮೂರು ತಿಂಗಳಲ್ಲಿ ಕೊಯ್ಲು. ಗೊಬ್ಬರ, ಔಷಧಿ ಏನೂ ಕೇಳಲ್ಲ. ಹುಣಸೆ ಮರದ ನೆರಳಲ್ಲಿ ಬೇರೆ ಏನೂ ಸರಿಯಾಗಿ ಬರಲ್ಲ, ಇದು ಬರುತ್ತದೆ. ಹುಲ್ಲು ಸಣ್ಣ, ಮೆತ್ತಗೆ, ದನಕ್ಕೆ ಬಲು ಇಷ್ಟ. ಕಷ್ಟ ಇಲ್ಲ ಅಂತಲ್ಲ. ಬಲಿತ ಮೇಲೆ ಕೊಯ್ಯೋದು ತಡ ಮಾಡಿದರೆ ಕಾಳು ಉದುರಿ ಹೋಗುತ್ತದೆ, ಉಳಿದಿದ್ದು ಹಕ್ಕಿಗೆ. ರಾಜ್ಯ ಸರ್ಕಾರ ರೈತ ಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಅಂತ ಇಟ್ಟಿದ್ದು ಇಂಥ ಬೆಳೆಗೇ.

ಕೋಲಾರ ಮುದ್ದೆ:

ನಾನು ಸುಮ್ನೆ ಕಾಲೆಳೆಯೋಕೆ ಬಂದಿಲ್ಲ, ಆದರೆ ಕೇಳ್ತೀನಿ. ನಮ್ಮ ಜಿಲ್ಲೆಯಲ್ಲಿ ರಾಗಿ ಇದೆ, ಅವರೆ ಇದೆ, ಹುರುಳಿ ಇದೆ. ನಾರಿನಲ್ಲಿ ರಾಗಿಗೂ ಕೊರಲೆಗೂ ಸಮ ಅಂತ ಮೇಡಮ್ಮೇ ಒಪ್ಪಿಕೊಂಡರು. ಹಾಗಿದ್ದ ಮೇಲೆ ಅಕ್ಕಿ ಕಡಿಮೆ ಮಾಡಿ ಇನ್ನರ್ಧ ಮುದ್ದೆ ತಿಂದರೆ ಆಯ್ತಲ್ಲ? ಬಡವರು ಅಷ್ಟು ಬೆಲೆ ಕೊಟ್ಟು ಕೊರಲೆ ಯಾಕೆ ತರಬೇಕು? ಮೊದಲು ಓಟ್ಸ್ ಅಂದರು, ಆಮೇಲೆ ಕಿನೋವಾ ಅಂದರು, ಈಗ ಇದು. 2023ನೇ ಇಸವಿಯನ್ನ ವಿಶ್ವಸಂಸ್ಥೆಯವರು ಸಿರಿಧಾನ್ಯ ವರ್ಷ ಅಂತ ಮಾಡಿದ್ದೇ ತಡ, ಬಿಸ್ಕತ್ತಿನಿಂದ ಹಿಡಿದು ನೂಡಲ್ಸ್‌ವರೆಗೂ ಎಲ್ಲದರ ಮೇಲೂ ಸಿರಿಧಾನ್ಯ. ಪೊಟ್ಟಣ ತಿರುಗಿಸಿ ಓದಿದರೆ ಎಷ್ಟೋದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೈದಾ, ಸಕ್ಕರೆ.

ಅಂದ ಹಾಗೆ ಒಂದು ಮಾತು. ಅಮೆರಿಕಾದವರು 1915ರ ಸುಮಾರಿಗೆ ಇದೇ ಕೊರಲೆಯನ್ನ ನಮ್ಮ ದೇಶದಿಂದ ತಗೊಂಡು ಹೋಗಿ ಬೆಳೆದಿದ್ದಾರೆ, ಊಟಕ್ಕಲ್ಲ, ದನಕ್ಕೆ ಮತ್ತೆ ಪಾರಿವಾಳ, ಗೌಜುಗ ಹಕ್ಕಿಗೆ. ಅಲ್ಲಿ ಟೊಮ್ಯಾಟೊ ಹೊಲದಲ್ಲಿ ಬೇರುಗಂಟು ಮಾಡೋ ಜಂತುಹುಳ ತಗ್ಗಿಸೋಕೂ ಇದನ್ನ ಬಿತ್ತುತ್ತಾರಂತೆ. ನಮ್ಮ ಕೋಲಾರದ ಟೊಮ್ಯಾಟೊದವರು ತಿನ್ನದಿದ್ದರೂ ಪರವಾಗಿಲ್ಲ, ಇದಕ್ಕಾದರೂ ಒಂದು ಸಲ ಹಾಕಿ ನೋಡಬಹುದು.

ಊಟದ ಲೆಕ್ಕ:

ಕೋಲಾರದ ಅಣ್ಣ, ಬಿಸ್ಕತ್ತಿನ ವಿಷಯದಲ್ಲಿ ನಿಮ್ಮ ಜೊತೆ ನೂರಕ್ಕೆ ನೂರು ಇದ್ದೀನಿ. ದುಡ್ಡು ಕಷ್ಟ ಇದ್ದವರಿಗೆ ನಿಮ್ಮ ದಾರಿಯೇ ಸರಿ. ರಾಗಿ ಜೊತೆ ಕಾಳು, ಸೊಪ್ಪು ಇದ್ದರೆ ಕೊರಲೆ ಇಲ್ಲ ಅಂತ ಯಾರೂ ಸೊರಗುವುದಿಲ್ಲ.

ಆದರೆ ಸಕ್ಕರೆ ಇರುವವರಿಗೆ ಒಂದು ವ್ಯತ್ಯಾಸ ಇದೆ. ಮುದ್ದೆ ಅಂದರೆ ನುಣ್ಣಗೆ ಬೀಸಿದ ಹಿಟ್ಟು. ಹಿಟ್ಟು ಎಷ್ಟು ನುಣ್ಣಗೋ ಅಷ್ಟು ಬೇಗ ಅರಗುತ್ತದೆ, ನಾರು ಅಷ್ಟೇ ಇದ್ದರೂ. ಕೊರಲೆಯನ್ನು ಕಾಳಾಗಿಯೇ ಬೇಯಿಸಿ ಅಗಿದು ತಿನ್ನುತ್ತೇವೆ, ಅದು ನಿಧಾನ. ಅದಕ್ಕೇ ಇನ್ನರ್ಧ ಮುದ್ದೆ ಬೇಡ, ಮುದ್ದೆ ಇದ್ದಷ್ಟೇ ಇರಲಿ, ಆಮೇಲೆ ಬಡಿಸುವ ಅನ್ನವನ್ನು ಬದಲಾಯಿಸಿ ಅಂತ ನಾನು ಹೇಳುವುದು. ಕೊರಲೆಯನ್ನು ಹಿಟ್ಟು ಮಾಡಿ ರೊಟ್ಟಿ, ಗಂಜಿ ಮಾಡಿದರೆ ಈ ಲಾಭ ಅಷ್ಟು ಉಳಿಯುವುದಿಲ್ಲ.

ಹೈದರಾಬಾದಿನ ಇಕ್ರಿಸ್ಯಾಟ್ ಅನ್ನುವ ಬೆಳೆ ಸಂಶೋಧನಾ ಸಂಸ್ಥೆ ಮತ್ತೆ ಇತರ ಸಂಸ್ಥೆಯವರು 2021ರಲ್ಲಿ ಹನ್ನೊಂದು ದೇಶಗಳಲ್ಲಿ ಆದ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ದಿನದ ಊಟದಲ್ಲಿ ಸಿರಿಧಾನ್ಯ ತಿಂದವರಲ್ಲಿ ರಕ್ತದ ಸಕ್ಕರೆ 12ರಿಂದ 15 ಶೇಕಡಾ ಇಳಿದಿತ್ತು, ಊಟಕ್ಕೆ ಮುಂಚೆ ನೋಡಿದಾಗಲೂ, ಆಮೇಲೆ ನೋಡಿದಾಗಲೂ. ಅದು ರಾಗಿ, ಜೋಳ, ನವಣೆ ಎಲ್ಲಾ ಸೇರಿಸಿದ ಲೆಕ್ಕ, ಕೊರಲೆ ಒಂದರದ್ದಲ್ಲ. ಒಳ್ಳೇ ಸುದ್ದಿಯೇ. ಆದರೆ ಇದನ್ನು ಓದಿ ಮಾತ್ರೆ ಎಸೆಯುವಷ್ಟು ದೊಡ್ಡ ಇಳಿತವಲ್ಲ.

ಅವರೆ, ಹುರುಳಿ ಬಗ್ಗೆ ನೀವು ಹೇಳಿದ್ದು ಈ ಚರ್ಚೆಯಲ್ಲೇ ಒಳ್ಳೇ ಮಾತು. ಯಾವ ಧಾನ್ಯದ ಪ್ರೋಟೀನಿನಲ್ಲೂ ಲೈಸೀನ್ ಅನ್ನುವ ಅಂಶ ಕಡಿಮೆ. ಕಾಳುಗಳಲ್ಲಿ ಅದು ಧಾರಾಳ. ನಮ್ಮವರು ಕೊರಲೆ ಅನ್ನಕ್ಕೆ ಹುರುಳಿಕಟ್ಟಿನ ಸಾರು, ಮುದ್ದೆಗೆ ಬಸ್ಸಾರು ಅಂತ ಮಾಡಿಕೊಂಡು ಬಂದಿದ್ದರಲ್ಲಿ ಆ ಕೊರತೆ ತಾನಾಗೇ ತುಂಬುತ್ತಿತ್ತು. ಬರೀ ಕೊರಲೆ ಅನ್ನ, ತಿಳಿಸಾರು, ಹಪ್ಪಳ ಅಂದರೆ ಪೊಟ್ಟಣದ 11 ಗ್ರಾಂ ಪ್ರೋಟೀನು ಪೂರಾ ಕೆಲಸಕ್ಕೆ ಬರುವುದಿಲ್ಲ.

ಕ್ಯಾತ್ಸಂದ್ರದವಳು:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಅಮ್ಮನಿಗೆ ಮೇಡಂ ಬರೆದಿದ್ದನ್ನ ಜೋರಾಗಿ ಓದಿ ಹೇಳಿದೆ, "ಅದನ್ನೇ ನಾನೂ ಹೇಳ್ತಿದ್ದೆ" ಅಂದರು! ಥೈರಾಯ್ಡ್ ಬಗ್ಗೆ ಮಾತ್ರ ಇನ್ನೂ ಗೊತ್ತಾಗಲಿಲ್ಲ. ನಮ್ಮ ಅತ್ತಿಗೆಗೆ ಥೈರಾಯ್ಡ್ ಇದೆ. ಒಬ್ಬರು ಸಿರಿಧಾನ್ಯ ತಿಂದರೆ ವಾಸಿ ಅಂತಾರೆ, ಇನ್ನೊಬ್ಬರು ಮುಟ್ಟಲೇಬೇಡಿ ಅಂತಾರೆ. ಮಗುವಿನ ವಿಷಯವೂ ಹೇಳಿಬಿಡಿ. ಮತ್ತೆ ಅಡುಗೆ. ನಾನು ಮಾಡಿದರೆ ಒಂದೋ ಗಂಜಿ, ಇಲ್ಲಾ ಮರಳು.

ಊಟದ ಲೆಕ್ಕ:

ಮುಟ್ಟಬೇಡಿ ಅನ್ನೋ ಮಾತು ಬಂದಿದ್ದು ಸಜ್ಜೆಯಿಂದ. ಸೂಡಾನಿನ ಡಾರ್ಫರ್ ಕಡೆ ಸಜ್ಜೆಯನ್ನೇ ದಿನಾ ಮುಖ್ಯ ಊಟವಾಗಿ ತಿನ್ನುವ ಜನರಲ್ಲಿ ಗಳಗಂಡ ಜಾಸ್ತಿ ಕಂಡಿತ್ತು. ಅಲ್ಲಿ ಅಯೋಡಿನ್ನೂ ಕಡಿಮೆ. ಅದನ್ನು ಎಲ್ಲಾ ಸಿರಿಧಾನ್ಯಕ್ಕೂ ಹಚ್ಚುವುದು ಸರಿಯಲ್ಲ. ಹಾಗಂತ ಕೊರಲೆ ತಿಂದು ಥೈರಾಯ್ಡ್ ವಾಸಿ ಅನ್ನುವುದಕ್ಕೂ ಆಧಾರ ಇಲ್ಲ. ಅಯೋಡಿನ್ ಉಪ್ಪು ಬಳಸಿ, ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ತಿಂಡಿ ತಿನ್ನಲಿ. ನಾರು ಜಾಸ್ತಿ ಇರುವ ತಿಂಡಿಯ ಜೊತೆಗೇ ನುಂಗಿದರೆ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ.

ಮಗುವಿಗೆ ವಾರದಲ್ಲಿ ಒಂದೆರಡು ಹೊತ್ತು ಕೊಡಿ, ತುಪ್ಪ ಹಾಕಿ. ಮೂರು ಹೊತ್ತೂ ಬೇಡ. ಚಿಕ್ಕ ಹೊಟ್ಟೆ, ನಾರಿನಿಂದಲೇ ತುಂಬಿಹೋದರೆ ಬೆಳೆಯೋಕೆ ಬೇಕಾದ ಶಕ್ತಿ ಸಿಗುವುದಿಲ್ಲ. ಮೊಳಕೆ ಕಟ್ಟಿದ ರಾಗಿಯ ಸರಿ, ಮೊಟ್ಟೆ, ಹಾಲು ಹಾಗೇ ನಡೆಯಲಿ. ಮೂತ್ರಪಿಂಡದ ತೊಂದರೆ ಇರುವವರು ಮನೆಯಲ್ಲಿದ್ದರೆ ಅವರದು ಬೇರೆ ಲೆಕ್ಕ, ಡಾಕ್ಟರನ್ನು ಕೇಳದೆ ಧಾನ್ಯ ಬದಲಾಯಿಸಬಾರದು.

ಪಾವಗಡ ಕಡೆಯವರು ಯಾರಾದರೂ ಓದುತ್ತಿದ್ದರೆ ನಿಮಗೊಂದು ಮಾತು. ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಇರುವ ಊರಲ್ಲಿ ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಮೂಳೆಗೆ ಹೊಡೆತ ಜಾಸ್ತಿ. ನೀವಂತೂ ರಾಗಿ ಬಿಡುವ ಮಾತೇ ಆಡಬೇಡಿ.

ಗೌರಿಬಿದನೂರು ಅಡುಗೆಮನೆ:

ಗಂಜಿ, ಮರಳು! ಎಲ್ಲರ ಮನೆಯಲ್ಲೂ ಮೊದಮೊದಲು ಅದೇ ಕಥೆ ಬಿಡಿ ತಂಗಿ. ನೆನೆಸದೆ ಹಾಕಿದರೆ ಮರಳು, ಅಕ್ಕಿ ಥರ ಕುಕ್ಕರಿನಲ್ಲಿ ಸೀಟಿ ಮೇಲೆ ಸೀಟಿ ಹೊಡೆಸಿದರೆ ಗಂಜಿ.

ಮೊರದಲ್ಲಿ ಕೇರಿ, ಆಮೇಲೆ ನೀರಲ್ಲಿ ಜಾಲಿಸಿ. ಕಾಳು ಸಣ್ಣದು, ಅದೇ ಗಾತ್ರದ ಕಲ್ಲು ಸೇರಿರುತ್ತೆ, ಕಣ್ಣಿಗೆ ಕಾಣಲ್ಲ, ಹಲ್ಲಿಗೆ ಗೊತ್ತಾಗುತ್ತೆ. ರಾತ್ರಿ ನೆನೆಸಿಡಿ. ಮರೆತಿದ್ದರೆ ಬೆಳಿಗ್ಗೆ ಎದ್ದ ತಕ್ಷಣ ನೆನೆಸಿದರೂ ಮಧ್ಯಾಹ್ನದ ಊಟಕ್ಕೆ ಆಗುತ್ತೆ. ನೆನೆಸಿದ ನೀರು ಚೆಲ್ಲಿ. ಒಂದು ಲೋಟ ಕಾಳಿಗೆ ಎರಡೂವರೆ ಲೋಟ ನೀರು ಕುದಿಸಿ, ಕಾಳು ಹಾಕಿ, ಸಣ್ಣ ಉರಿ. ನೀರು ಇಂಗುತ್ತಾ ಬಂದಾಗ ಮುಚ್ಚಿ ಒಲೆ ಆರಿಸಿಬಿಡಿ, ಆ ಬಿಸಿಗೇ ಅರಳುತ್ತೆ. ಮುಚ್ಚಳ ಎತ್ತಿ ಎತ್ತಿ ನೋಡಬೇಡಿ. ನಿಮ್ಮ ಮನೆಯವರಿಗೆ ಮೆತ್ತಗೆ ಬೇಕಂದರೆ ಮೂರು ಲೋಟ ನೀರಿಡಿ.

ಬಿಸಿಬಿಸಿಯಾಗಿ ತಿನ್ನಬೇಕು. ಆರಿದರೆ ಬಿರುಸಾಗುತ್ತೆ, ಗಂಟಲಲ್ಲಿ ಇಳಿಯಲ್ಲ. ಅದಕ್ಕೇ ಸಾರು ಸ್ವಲ್ಪ ಜಾಸ್ತಿ, ಗಟ್ಟಿಯಾಗಿ ಇರಬೇಕು. ನಮ್ಮಲ್ಲಿ ಚಳಿಗಾಲದಲ್ಲಿ ಹಿತಕಿದ ಅವರೆಬೇಳೆ ಸಾರು, ಉಳಿದ ದಿನ ಮಸ್ಸೊಪ್ಪು, ಹುರುಳಿ ಸಾರು. ಆರಿದ್ದು ಉಳಿದರೆ ಬಿಸಾಡಬೇಡಿ, ಮಜ್ಜಿಗೆ, ಈರುಳ್ಳಿ, ಕೊತ್ತಂಬರಿ ಹಾಕಿ ಕಲಸಿಟ್ಟರೆ ಬೇಸಿಗೆಯಲ್ಲಿ ಬಲು ಚೆನ್ನ. ಬಿಸಿಬೇಳೆ ಬಾತಿಗೆ ಅಕ್ಕಿಗಿಂತ ಕೊರಲೆಯೇ ವಾಸಿ ಅಂತ ನಾನಂತೂ ಹೇಳ್ತೀನಿ, ಬೇಳೆ ಜೊತೆ ಮುದ್ದೆಯಾಗದೆ ಬಿಡಿಬಿಡಿಯಾಗಿ ನಿಲ್ಲುತ್ತೆ. ಚಿತ್ರಾನ್ನಕ್ಕೆ ನಿಂಬೆಹಣ್ಣು ಜೋರಾಗಿ ಹಿಂಡಿ, ಹುಳಿ ಇಲ್ಲದಿದ್ದರೆ ಈ ಅನ್ನ ಸಪ್ಪೆ.

ಊಟದ ಲೆಕ್ಕ:

ನಿಂಬೆಹಣ್ಣು ರುಚಿಗೆ ಮಾತ್ರ ಅಲ್ಲ ಅಕ್ಕ. ತೌಡಿನ ಪದರದಲ್ಲಿ ಫೈಟಿಕ್ ಆಮ್ಲ ಇರುತ್ತದೆ, ಅದು ಕಬ್ಬಿಣ, ಸತುವನ್ನು ಹಿಡಿದುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. ನೆನೆಸಿ ನೀರು ಚೆಲ್ಲಿದರೆ ಅದು ಸ್ವಲ್ಪ ಕಡಿಮೆಯಾಗುತ್ತದೆ, ದೋಸೆ ಹಿಟ್ಟಿನ ಹಾಗೆ ಹುಳಿ ಬರಿಸಿದರೆ ಇನ್ನೂ ಕಡಿಮೆ. ನಿಂಬೆ, ನೆಲ್ಲಿಕಾಯಿ, ಟೊಮ್ಯಾಟೊ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಊಟ ಆದ ತಕ್ಷಣ ಕಾಫಿ, ಟೀ ಕುಡಿಯುವ ಅಭ್ಯಾಸ ಬಿಟ್ಟರೆ ಒಳ್ಳೇದು, ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಂತೂ ಒಂದು ಗಂಟೆ ತಡೆಯಿರಿ.

ಅಮ್ಮನಿಗೆ ಒಮ್ಮೆಗೇ ಬದಲಾಯಿಸಬೇಡಿ. ಮೊದಲ ವಾರ ರಾತ್ರಿಯ ಅನ್ನ ಮಾತ್ರ ಕೊರಲೆ ಆಗಲಿ. ಬಿಳಿ ಅನ್ನಕ್ಕೆ ಒಗ್ಗಿದ ಹೊಟ್ಟೆಗೆ ಇಷ್ಟು ನಾರು ತಟ್ಟನೆ ಬಿದ್ದರೆ ಹೊಟ್ಟೆಯುಬ್ಬರ, ಗ್ಯಾಸು. ನೀರು ಚೆನ್ನಾಗಿ ಕುಡಿಯಬೇಕು. ನೀರು ಕುಡಿಯದೆ ನಾರು ಮಾತ್ರ ಹೆಚ್ಚಿಸಿದರೆ ಮಲಬದ್ಧತೆ ಹೋಗುವ ಬದಲು ಬರುತ್ತದೆ.

ಕ್ಯಾತ್ಸಂದ್ರದವಳು:

ದೋಸೆ ಅಂದಿದ್ದಕ್ಕೆ ಕೇಳ್ತಿದ್ದೀನಿ ಅಕ್ಕ, ಅಳತೆ ಏನು? ನಮ್ಮೂರು ತಟ್ಟೆ ಇಡ್ಲಿ ಊರು, ಅಮ್ಮನಿಗೆ ಇಡ್ಲಿ ಬಿಡಿಸೋದು ಮಾತ್ರೆ ಬಿಡಿಸೋದಕ್ಕಿಂತ ಕಷ್ಟ. ಇಡ್ಲಿಗೂ ಹಾಕಬಹುದಾ? ಮತ್ತೆ ಒಂದೇ ಸಲ ಐದು ಕೆಜಿ ತಂದಿಟ್ಟುಕೊಳ್ಳಬಹುದಾ?

ಮಧುಗಿರಿ ಹೊಲದವನು:

ಐದು ಕೆಜಿ ಬೇಡ ತಾಯಿ. ಹೊಟ್ಟಿನ ಸಮೇತ ಇದ್ದರೆ ವರ್ಷಗಟ್ಟಲೆ ಇಡಬಹುದು, ಹೊಟ್ಟು ತೆಗೆದ ಮೇಲೆ ತೌಡಿನ ಎಣ್ಣೆಗೆ ಗಾಳಿ ತಾಗಿ ಒಂದೆರಡು ತಿಂಗಳಲ್ಲಿ ಕಮಟು ವಾಸನೆ ಬರುತ್ತೆ, ಬೇಸಿಗೆಯಲ್ಲಿ ಇನ್ನೂ ಬೇಗ. ತಿಂಗಳಿಗೆ ಎಷ್ಟು ಬೇಕೋ ಅಷ್ಟು ತನ್ನಿ, ಮೂಸಿ ನೋಡಿ ತನ್ನಿ. ಪಾಲಿಶ್ ಆಗದ್ದು ಅಂತ ಹೇಳಿ ಆರು ತಿಂಗಳಿಂದ ಅಂಗಡಿಯಲ್ಲೇ ಇದ್ದೂ ವಾಸನೆ ಬಂದಿಲ್ಲ ಅಂದರೆ ಅದು ಪಾಲಿಶ್ ಆಗಿರೋದೇ.

ಗೌರಿಬಿದನೂರು ಅಡುಗೆಮನೆ:

ದೋಸೆಗೆ ಮೂರು ಲೋಟ ಕೊರಲೆ, ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ಅಕ್ಕಿ ಬೇಡವೇ ಬೇಡ, ಗರಿಗರಿಯಾಗಿ ಬರುತ್ತೆ. ಇಡ್ಲಿಗೆ ಉದ್ದು ಸ್ವಲ್ಪ ಜಾಸ್ತಿ ಹಾಕಿ, ಕೊರಲೆಯನ್ನು ರವೆ ಥರ ತರಿತರಿಯಾಗಿ ರುಬ್ಬಿ. ತಟ್ಟೆ ಇಡ್ಲಿ ಅಷ್ಟು ಬೆಳ್ಳಗೆ ಆಗಲ್ಲ, ಅಷ್ಟು ಉಬ್ಬೋದೂ ಇಲ್ಲ, ಮೊದಲೇ ಅಮ್ಮನಿಗೆ ಹೇಳಿಟ್ಟಿರಿ. ಬೆಣ್ಣೆ ಕೇಳಿದರೆ ಚೂರು ಹಾಕಿ, ಚಟ್ನಿಗೆ ಹುರಿಗಡಲೆ ಕಡಿಮೆ ಮಾಡಿ ಹುಚ್ಚೆಳ್ಳು ಹಾಕಿ ರುಬ್ಬಿ ನೋಡಿ.